ದುಡಿಯುತ್ತಲೇ ಉಳಿದ ಹಳೇ ಟ್ರ್ಯಾಕ್ಟರುಗಳು

ಸೊರಬ ತಾಲ್ಲೂಕಿನ ಹೊಸಬಾಳೆಯಿಂದ ಶಿಕಾರಿಪುರದವರೆಗಿನ ಸೀಮೆಯಲ್ಲಿ ನಲವತ್ತು, ಐವತ್ತು ವರ್ಷ ಹಳೆಯ ಟ್ರ್ಯಾಕ್ಟರ್ ಇನ್ನೂ ಮೂಲೆ ಸೇರಿಲ್ಲ. ಬೇಸಿಗೆಯಲ್ಲಿ ಗೊಬ್ಬರ, ಕೆರೆಮಣ್ಣು ಹೊರುತ್ತದೆ, ಸುಗ್ಗಿಯಲ್ಲಿ ಕಣ ಸುತ್ತುತ್ತದೆ, ಉಳಿದ ದಿನ ಕೊಟ್ಟಿಗೆಯ ಪಕ್ಕ ನಿಂತಿರುತ್ತದೆ. ಬ್ರಿಟನ್, ಅಮೆರಿಕಗಳಲ್ಲಿ ಹಳೆಯ ಫೋರ್ಡ್‌ಸನ್, ಫರ್ಗ್ಯೂಸನ್, ಜಾನ್ ಡಿಯರ್‌ಗಳನ್ನು ಹುಡುಕಿ ಕೊಂಡು, ಸರಿಪಡಿಸಿ, ಮೇಳಗಳಿಗೆ ಒಯ್ಯುವವರ ಸಂಘಗಳೇ ಇವೆ. ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಹಳೇ ಯಂತ್ರವನ್ನು ಉಳಿಸಿದವರು ಗ್ಯಾರೇಜಿನ ಮೇಸ್ತ್ರಿಗಳು ಮತ್ತು ಲೇತ್ ಅಂಗಡಿಯವರು. ಅವರ ಕೈಯಲ್ಲಿ ಉಳಿದಿರುವುದು ಭಾರತದ ಟ್ರ್ಯಾಕ್ಟರ್ ಉದ್ಯಮದ ಮೊದಲ ಅಧ್ಯಾಯ. ಅದನ್ನು ಗುಜರಿಗೆ ತೂಕಕ್ಕೆ ಹಾಕುವುದು ದೊಡ್ಡ ನಷ್ಟ.

ಆ ಅಧ್ಯಾಯ ಬಹಳ ಹಿಂದಿನದೇನಲ್ಲ. 1950ರ ದಶಕದ ಕೊನೆಯವರೆಗೂ ದೇಶದ ಟ್ರ್ಯಾಕ್ಟರುಗಳೆಲ್ಲ ಹಡಗಿನಲ್ಲಿ ಬಂದವು. 1959ರಲ್ಲಿ ಫರೀದಾಬಾದಿನಲ್ಲಿ ಜರ್ಮನ್ ವಿನ್ಯಾಸದ ಐಷರ್ ತಯಾರಾಯಿತು. 1960ರಲ್ಲಿ ಮದರಾಸಿನಲ್ಲಿ ಹುಟ್ಟಿದ ಟಾಫೆ ಕಂಪನಿ ಮೆಸ್ಸಿ ಫರ್ಗ್ಯೂಸನ್ ಮಾಡತೊಡಗಿತು. 1963ರಲ್ಲಿ ಮಹೀಂದ್ರ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಬಿ-275 ಮಾದರಿಯ ಕಂಪನಿ ಕಟ್ಟಿತು. ಪೋಲೆಂಡಿನ ಉರ್ಸುಸ್ ನೆರವಿನಿಂದ ಶುರುಮಾಡಿದ ಎಸ್ಕಾರ್ಟ್ಸ್, 1971ರಲ್ಲಿ ಫೋರ್ಡ್ 3000 ತಂದಿತು. ಅದೇ ವರ್ಷ ಎಚ್ಎಂಟಿ ಹರಿಯಾಣದ ಪಿಂಜೋರ್‌ನಲ್ಲಿ ಝೆಟರ್ 2511 ಹೊರತಂದಿತು. ದುರ್ಗಾಪುರದ ಸರ್ಕಾರಿ ಸಂಶೋಧನಾಲಯದಲ್ಲಿ ರೂಪುಗೊಂಡ ಸ್ವರಾಜ್ 724 ಬಂದದ್ದು 1974ರಲ್ಲಿ.

ಈ ಕಥೆಯಲ್ಲಿ ಕರ್ನಾಟಕದ ಪಾಲನ್ನು ನೋಡಬೇಕಾದರೆ ಬಾನೆಟ್ ಎತ್ತಬೇಕು. ಡೀಸೆಲ್ ಪಂಪು, ನಾಝಲುಗಳ ಮೇಲೆ ಕಾಣುವ ಮೈಕೋ ಹೆಸರು ಬೆಂಗಳೂರಿನದು. 1951ರಲ್ಲಿ ಶುರುವಾದ ಆ ಕಂಪನಿ ಈಗ ಬಾಷ್ ಎಂದಾಗಿದೆ. ಗದ್ದೆಗಿಳಿಯುವ ಮಿತ್ಸುಬಿಷಿ ಟಿಲ್ಲರುಗಳನ್ನು ಮಾಡಲು ವಿಎಸ್‌ಟಿ ಹುಟ್ಟಿದ್ದು ಬೆಂಗಳೂರಿನಲ್ಲೇ, 1967ರಲ್ಲಿ. ಸವೆದ ಬುಷ್, ಪಿನ್ನುಗಳನ್ನು ತಿರುವಿ ಕೊಡುವ ಲೇತ್‌ಗಳಿಗೂ ಮನೆ ದೂರವಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಿಂದ ಯಂತ್ರೋಪಕರಣ ಮಾಡಿತು.

ಸೊರಬ, ಶಿಕಾರಿಪುರಗಳ ಜಮೀನಿಗೆ ಇವು ಹೊಂದಿಕೊಂಡ ಬಗೆ ಸ್ವಾರಸ್ಯದ್ದು. ಪಕ್ಕದ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಹಿಡುವಳಿಗಳು ಚಿಕ್ಕವು, ಗದ್ದೆಗಳು ಕೆರೆಯ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಹಬ್ಬಿದವು. ಇಂಥಲ್ಲಿ ಮನೆಗೊಂದು ಟ್ರ್ಯಾಕ್ಟರ್ ಸಾಧ್ಯವಿಲ್ಲ. ಊರಿನಲ್ಲಿ ಒಬ್ಬರು ಇಟ್ಟರೆ ಉಳಿದವರು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೆಯುತ್ತಾರೆ. ಮುಂಗಾರು ಬೀಳುವ ಹೊತ್ತಿಗೆ ಒಣ ಮಣ್ಣಿನಲ್ಲೇ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿ ಈ ಸೀಮೆಯದು. ಹದ ಸಿಕ್ಕುವ ದಿನಗಳು ಕೆಲವೇ. ಅಷ್ಟರಲ್ಲಿ ಹತ್ತಾರು ಮನೆಯ ಹೊಲ ಹರಗಬೇಕಾದ್ದರಿಂದ ಯಂತ್ರಕ್ಕೆ ಬೇಡಿಕೆ ಬಂತು.

ಸಣ್ಣ ಗದ್ದೆಯಲ್ಲಿ ಇದು ಸಾಧ್ಯವಾದದ್ದು ಹ್ಯಾರಿ ಫರ್ಗ್ಯೂಸನ್ ರೂಪಿಸಿದ ಮೂರು ಕೊಂಡಿಯ ಲಿಫ್ಟಿನಿಂದ. ಅದಕ್ಕೆ ಮೊದಲು ನೇಗಿಲು ಗಾಡಿಯ ಹಿಂದೆ ಎಳೆದುಕೊಂಡು ಬರುತ್ತಿತ್ತು, ತಿರುಗಲು ದೊಡ್ಡ ಜಾಗ ಬೇಕಿತ್ತು. ಫರ್ಗ್ಯೂಸನ್ ಏರ್ಪಾಟಿನಲ್ಲಿ ಕೆಳಗೆ ಎರಡು, ಮೇಲೆ ಒಂದು ತೋಳು ಸೇರಿ ಉಪಕರಣವನ್ನು ಟ್ರ್ಯಾಕ್ಟರಿನ ಅಂಗವನ್ನಾಗಿ ಮಾಡುತ್ತವೆ. ನೇಗಿಲು ಗಟ್ಟಿ ಮಣ್ಣಿಗೆ ಸಿಕ್ಕಾಗ ಆ ಎಳೆತದ ಭಾರ ಹಿಂದಿನ ಗಾಲಿಯ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಎಳೆತ ಮಿತಿಮೀರಿದರೆ ಹೈಡ್ರಾಲಿಕ್ ತಾನಾಗಿ ನೇಗಿಲನ್ನು ತುಸು ಎತ್ತಿಕೊಡುತ್ತದೆ. ಬದು ಬಂದಾಗ ಸನ್ನೆ ಮೇಲೆಳೆದರೆ ಕಲ್ಟಿವೇಟರ್ ಗಾಳಿಯಲ್ಲಿರುತ್ತದೆ, ಟ್ರ್ಯಾಕ್ಟರ್ ನಿಂತಲ್ಲೇ ತಿರುಗಿದಂತೆ ತಿರುಗುತ್ತದೆ. ಇಂದಿನ ಹೊಸ ಟ್ರ್ಯಾಕ್ಟರುಗಳೂ ಇದೇ ತತ್ವದ ಮೇಲೆ ನಡೆಯುತ್ತವೆ.

ಹಳೆಯದನ್ನು ಕೊಳ್ಳುವವರು ಮೊದಲು ನೋಡಬೇಕಾದ್ದು ಬಿಡಿಭಾಗ. ಮೂರು ಸಿಲಿಂಡರಿನ ಮೆಸ್ಸಿ 1035, ನಾಲ್ಕು ಸಿಲಿಂಡರಿನ ಮಹೀಂದ್ರ ಬಿ-275 ದಶಕಗಟ್ಟಲೆ ತಯಾರಾದ ಮಾದರಿಗಳು. ರಿಂಗು, ಗ್ಯಾಸ್ಕೆಟ್, ಕ್ಲಚ್ ಪ್ಲೇಟು ಸುಲಭವಾಗಿ ಸಿಗುತ್ತವೆ. ಒಂದೇ ಸಿಲಿಂಡರಿನ ಹಳೇ ಐಷರ್, ಎರಡು ಸಿಲಿಂಡರಿನ ಎಸ್ಕಾರ್ಟ್ ಮತ್ತು ಝೆಟರ್‌ಗಳಿಗೆ ಆ ಭಾಗ್ಯವಿಲ್ಲ. ಅವುಗಳ ಭಾಗವನ್ನು ಗುಜರಿಯಲ್ಲಿ ಹುಡುಕಬೇಕು, ಇಲ್ಲವೇ ಲೇತಿನಲ್ಲಿ ಮಾಡಿಸಬೇಕು. ಸಂಗ್ರಹದ ದೃಷ್ಟಿಯಿಂದ ಹೆಚ್ಚು ಅಮೂಲ್ಯವಾದವು ಇವೇ, ಮೊದಲು ಕಣ್ಮರೆಯಾಗುತ್ತಿರುವವೂ ಇವೇ.

ಮಲೆನಾಡಿನ ಮಳೆ ಟ್ರ್ಯಾಕ್ಟರಿಗೆ ದೊಡ್ಡ ಶತ್ರು. ನೆಟ್ಟಗೆ ನಿಂತ ಸೈಲೆನ್ಸರ್ ಬಾಯಿಯಿಂದ ಇಳಿದ ನೀರು, ತೆರೆದಿರುವ ವಾಲ್ವಿನ ಮೂಲಕ ಸಿಲಿಂಡರಿಗೆ ಸೇರಿ ಪಿಸ್ಟನ್ ರಿಂಗನ್ನು ಲೈನರಿಗೆ ಅಂಟಿಸಿಬಿಡುತ್ತದೆ. ಸೈಲೆನ್ಸರಿನ ಮೇಲೆ ಹಳೇ ಡಬ್ಬಿ ಕವುಚಿಡುವುದು ಅದಕ್ಕೇ. ಹೀಗೆ ಜಾಮ್ ಆದ ಇಂಜಿನ್ನನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಲ್ಲ ಮೇಸ್ತ್ರಿ ನಾಝಲುಗಳನ್ನು ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಬೆರೆಸಿದ ಇಂಜಿನ್ ಆಯಿಲ್ ಸುರಿದು ಹಲವು ದಿನ ಬಿಡುತ್ತಾನೆ. ಆಮೇಲೆ ಮೇಲಿನ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಹಿಂದೆಮುಂದೆ ಅಲುಗಿಸುತ್ತಾನೆ. ಒಂದು ಕೂದಲಷ್ಟು ಅಲುಗಿದರೂ ಸಾಕು, ಉಳಿದದ್ದು ತಾಳ್ಮೆಯ ಕೆಲಸ.

ಬಿಚ್ಚಿದ ಮೇಲೆ ಅಳತೆ ಮುಖ್ಯ. ಕ್ರ್ಯಾಂಕ್ ಸವೆದಿದ್ದರೆ ಹತ್ತು, ಇಪ್ಪತ್ತು, ಮೂವತ್ತು ಥೌ (ಇಂಚಿನ ಸಾವಿರದ ಒಂದು ಪಾಲು) ಲೆಕ್ಕದಲ್ಲಿ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಹಾಕಬೇಕು. ಡೀಸೆಲ್ ಟ್ಯಾಂಕಿನ ತುಕ್ಕು ಪೂರ್ತಿ ತೊಳೆಯದೆ ಹೊಸ ನಾಝಲ್ ಹಾಕುವುದು ವ್ಯರ್ಥ. ಪಂಪನ್ನು ಪೇಟೆಯ ಪಂಪ್ ಅಂಗಡಿಗೆ ಕಳಿಸಿ ಟೆಸ್ಟ್ ಬೆಂಚಿನ ಮೇಲೆ ಹೊಂದಿಸುವುದೇ ಸರಿ. ಎಲ್ಲ ಜೋಡಿಸಿದ ಮೇಲೆ ಏರ್ ತೆಗೆಯುವ ಸರದಿ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಒಂದೇ ಸಮನೆ ಡೀಸೆಲ್. ನಂತರ ಪಂಪು, ಆಮೇಲೆ ನಾಝಲ್ ಪೈಪಿನ ನಟ್ಟು, ಇದೇ ಕ್ರಮದಲ್ಲಿ ಹೋಗಬೇಕು. ಕಿಡಿಯ ಹಂಗಿಲ್ಲದ ಇಂಜಿನ್ ಇದು. ಕಂಪ್ರೆಶನ್ ಇದ್ದು, ಏರ್ ಹೋಗಿದ್ದರೆ ವರ್ಷಗಟ್ಟಲೆ ನಿಂತದ್ದೂ ಹೊಗೆ ಕಾರಿ ಎದ್ದುಬಿಡುತ್ತದೆ.

ಬಣ್ಣ ಕೊನೆಯ ಕೆಲಸ. ಎಷ್ಟೋ ಕಡೆ ಅದೇ ಮೊದಲಾಗುತ್ತದೆ: ತುಕ್ಕಿನ ಮೇಲೆಯೇ ಕೆಂಪು ಬಳಿದು ಮಾರಿಬಿಡುತ್ತಾರೆ. ಮೂಲ ಬಣ್ಣ ಅಲ್ಲಲ್ಲಿ ಉಳಿದಿದ್ದರೆ ಅದನ್ನು ಹಾಗೇ ಬಿಡುವುದು ಒಳ್ಳೆಯದು.

ಸರಿಪಡಿಸಿದ ಹಳೇ ಟ್ರ್ಯಾಕ್ಟರಿಗೆ ಕೆಲಸವನ್ನೂ ನೋಡಿ ಕೊಡಬೇಕು. 25 ಕುದುರೆಶಕ್ತಿಯದಕ್ಕೆ ದೊಡ್ಡ ರೋಟಾವೇಟರ್ ಕಟ್ಟಿದರೆ ಗೇರುಬಾಕ್ಸು ಸೋಲುತ್ತದೆ. ಕಣದಲ್ಲಿ ಹರಡಿದ ಭತ್ತದ ಮೇಲೆ ರೋಣಗಲ್ಲು ಎಳೆಯುವುದು, ಟ್ರೈಲರ್, ನೀರೆತ್ತುವ ಪಂಪು, ಶಿಕಾರಿಪುರದ ಕಡೆ ಮೆಕ್ಕೆಜೋಳ ಬಿಡಿಸುವ ಯಂತ್ರ ಇವೆಲ್ಲ ಅದಕ್ಕೆ ಹಿಡಿಸುವ ಕೆಲಸ. ಇಂಥ ಯಂತ್ರಗಳಿಗೆ ಶಕ್ತಿ ಕೊಡುವ, ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ಶಾಫ್ಟಿಗೆ ಹಳೆಯವುಗಳಲ್ಲಿ ಮುಚ್ಚಳವೇ ಇರುವುದಿಲ್ಲ. ಪಂಚೆ, ಸೀರೆ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗದು. ಎರಡು ಬ್ರೇಕ್ ಪೆಡಲುಗಳು ಗದ್ದೆಯಲ್ಲಿ ತಿರುಗಲು ಬೇಕು. ರಸ್ತೆಗೆ ಬಂದೊಡನೆ ಅವುಗಳಿಗೆ ಕೊಂಡಿ ಹಾಕಲೇಬೇಕು, ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಗಾಡಿ ಮಗುಚುತ್ತದೆ.

ಕಾನೂನು ಇವುಗಳನ್ನು ಇನ್ನೂ ಪರಂಪರೆಯೆಂದು ನೋಡಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮ, ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಸ್ವಂತ ಬಳಕೆಯ ಕಾರುಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ. ಕೃಷಿ ಟ್ರ್ಯಾಕ್ಟರಿಗೆ ಅಲ್ಲಿ ಜಾಗವಿಲ್ಲ, ಅದನ್ನೂ ಸೇರಿಸುವುದು ನ್ಯಾಯ. ಸದ್ಯಕ್ಕೆ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸುವುದೊಂದೇ ದಾರಿ. ನಂಬರ್ ಪ್ಲೇಟಿನಲ್ಲೂ ಚರಿತ್ರೆಯಿದೆ: ಹಳೆಯವುಗಳಲ್ಲಿ ಎಂವೈ, ಸಿಎ ಅಕ್ಷರಗಳು, 1989ರಿಂದ ಕೆಎ. ಕೊಳ್ಳುವಾಗ ಇಂಜಿನ್ ಮತ್ತು ಚಾಸಿ ನಂಬರುಗಳನ್ನು ಆರ್‌ಸಿಯೊಡನೆ ತಾಳೆ ನೋಡಬೇಕು. ಇಂಜಿನ್ ಬದಲಾಗಿದ್ದರೆ ಅದು ದಾಖಲಾಗಿರಬೇಕು. ತಯಾರಾದ ವರ್ಷವನ್ನು ಪತ್ತೆಹಚ್ಚಲು ಕಾರ್ಖಾನೆಯ ಸಣ್ಣ ಲೋಹದ ಫಲಕ ನೆರವಾಗುತ್ತದೆ. ಅದರ ಮೇಲೆ ಬಣ್ಣ ಬಳಿಯದೆ, ರಿವೆಟ್ ಕೀಳದೆ, ಇದ್ದಲ್ಲೇ ಬಿಡಬೇಕು.