ಒಂದೇ ಕಾನೂನು, ಹಲವು ಕೇರಿ

ಮಗುವಿಗೆ ಅಂಗವೈಕಲ್ಯ ಬಂದದ್ದು ಪೂರ್ವಜನ್ಮದ ಕರ್ಮ ಎಂದು ಒಂದು ಮನೆಯಲ್ಲಿ ಹೇಳುತ್ತಾರೆ. ಇನ್ನೊಂದು ಮನೆಯಲ್ಲಿ ಅದು ಅಲ್ಲಾಹನ ಪರೀಕ್ಷೆ. ಕರಾವಳಿಯ ಮತ್ತೊಂದು ಮನೆಯಲ್ಲಿ ದೈವದ ಮುನಿಸು. ನೆಂಟರು ಬಂದಾಗ ಮಗುವನ್ನು ಒಳಕೋಣೆಗೆ ಕಳಿಸುವುದು ಮಾತ್ರ ಎಲ್ಲ ಕಡೆಯೂ ಒಂದೇ. ಅಕ್ಕನ ಮದುವೆ ತಪ್ಪೀತೆಂಬ ಭಯ ಯಾವ ಸಮುದಾಯವನ್ನೂ ಬಿಟ್ಟಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲೇ ಜಾರಿಗೆ ಬಂತು. ಆದರೆ ಎಷ್ಟೋ ಒಳಕೋಣೆಗಳಿಗೆ ಅದರ ಸುದ್ದಿ ಮುಟ್ಟಿಲ್ಲ. ಅಡ್ಡ ನಿಂತಿರುವ ಕೆಲವು ನಂಬಿಕೆಗಳನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ: ಹಕ್ಕಿನ ಮಾತಾಡಬೇಕಾದರೆ ಮೊದಲು ಜನರಿಂದ ದೇವರ ನಂಬಿಕೆ ಬಿಡಿಸಬೇಕು.

ವಾಸ್ತವ: ಬೇಕಿಲ್ಲ. ಹರಕೆ ಹೊತ್ತ ತಾಯಿಯನ್ನು ಹೀಯಾಳಿಸಿದರೆ ಅವಳು ಮತ್ತೆ ನಮ್ಮ ಮಾತಿಗೆ ಕಿವಿಗೊಡುವುದಿಲ್ಲ. ತಡೆಯಬೇಕಾದದ್ದು ಬೇರೆಯೇ ಇದೆ. ತಮಿಳುನಾಡಿನ ಏರ್ವಾಡಿ ದರ್ಗಾಕ್ಕೆ ಮನೋರೋಗ ವಾಸಿಯಾಗಲೆಂದು ಬೇರೆ ಬೇರೆ ಧರ್ಮದವರು ತಮ್ಮವರನ್ನು ಕರೆತರುತ್ತಿದ್ದರು. ಅದರ ಸುತ್ತ ಖಾಸಗಿ ಆಶ್ರಯತಾಣಗಳು ಹುಟ್ಟಿಕೊಂಡವು. 2001ರ ಆಗಸ್ಟ್ 6ರಂದು ಅಂಥದೊಂದು ತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಓಡಲಾಗದೆ ಸುಟ್ಟು ಸತ್ತರು. ಯಾವ ರೂಪದಲ್ಲೂ ಸರಪಳಿ ಹಾಕಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಪ್ರಾರ್ಥನೆಯ ಜೊತೆಗೆ ವೈದ್ಯರ ಔಷಧಿಯೂ ನಡೆಯಲಿ, ಸರಪಳಿ ಮಾತ್ರ ಬೇಡ ಎಂದು ದರ್ಗಾದ ಮುಜಾವರರೋ ದೇವಸ್ಥಾನದ ಅರ್ಚಕರೋ ಹೇಳಿದರೆ ಆ ಮಾತು ಸರ್ಕಾರಿ ಫಲಕಕ್ಕಿಂತ ಬೇಗ ನಾಟುತ್ತದೆ. ಅವರನ್ನು ಹೊರಗಿಟ್ಟು ಮಾಡುವ ಜಾಗೃತಿ ನನಗೆ ಅರ್ಧ ಕೆಲಸವೆಂದೇ ಅನಿಸುತ್ತದೆ.

ತಪ್ಪು ಕಲ್ಪನೆ: ಇಂಥ ತಾರತಮ್ಯ ಇರುವುದು ‘ಅವರಲ್ಲಿ’, ನಮ್ಮಲ್ಲಿಲ್ಲ.

ವಾಸ್ತವ: ಕುಷ್ಠರೋಗದ ಕಥೆ ನೋಡಿ. ಅದನ್ನು ವಿಚ್ಛೇದನಕ್ಕೆ ಕಾರಣವೆಂದು ಹಿಂದೂ, ಮುಸ್ಲಿಂ, ಕ್ರೈಸ್ತ ವಿವಾಹಗಳಿಗೆ ಸಂಬಂಧಿಸಿದ ಕಾಯ್ದೆಗಳು ಒಪ್ಪಿದ್ದವು. ಧರ್ಮ ಕೇಳದ ವಿಶೇಷ ವಿವಾಹ ಕಾಯ್ದೆಯೂ ಒಪ್ಪಿತ್ತು. ರೋಗ ಪೂರ್ತಿ ಗುಣವಾಗುವ ಔಷಧಿ ಬಂದು ದಶಕಗಳು ಕಳೆದರೂ ಆ ಕಲಂಗಳು ಹಾಗೆಯೇ ಉಳಿದವು. ಸಂಸತ್ತು ಅವನ್ನು ತೆಗೆದದ್ದು 2019ರಲ್ಲಿ.

ತಪ್ಪು ಕಲ್ಪನೆ: ನೋಡಿದರೆ ಗೊತ್ತಾಗುವುದೇ ಅಂಗವೈಕಲ್ಯ.

ವಾಸ್ತವ: 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಗಳಿದ್ದವು, ಈಗ 21 ಇವೆ. ಅವುಗಳಲ್ಲಿ ಸಿಕಲ್‌ಸೆಲ್ ಎಂಬ ರಕ್ತದ ಕಾಯಿಲೆಯೂ ಒಂದು. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ ಹಾಡಿಗಳಲ್ಲಿ ಇದು ಕಾಣಿಸುತ್ತದೆ. ಕೈಕಾಲು ನೆಟ್ಟಗಿರುವ ಹುಡುಗಿ ನೋವಿನಿಂದ ಶಾಲೆ ತಪ್ಪಿಸಿದರೆ ‘ಸೋಮಾರಿ’ ಎನ್ನಿಸಿಕೊಳ್ಳುತ್ತಾಳೆ. ಅವಳ ಹೆಸರಿನಲ್ಲೂ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದೆಂದು ಹಾಡಿಗೆ ಹೋಗಿ ಹೇಳುವವರು ಬೇಕು.

ತಪ್ಪು ಕಲ್ಪನೆ: ಅಂಗವೈಕಲ್ಯ ಶೇ 40 ಇಲ್ಲದಿದ್ದರೆ ಯಾವ ಹಕ್ಕೂ ಇಲ್ಲ.

ವಾಸ್ತವ: ಶೇ 40 ಬೇಕಾಗುವುದು ಉದ್ಯೋಗ, ಉನ್ನತ ಶಿಕ್ಷಣದ ಮೀಸಲಾತಿಯಂಥ ಸೌಲಭ್ಯಗಳಿಗೆ. ಬರೆಯುವಾಗ ಕೈ ಸೆಟೆಯುವ ತೊಂದರೆಯಿದ್ದ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕರು ಸಿಗಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿತು. ಅದಕ್ಕೆ ಈ ಶೇಕಡಾ ಮಿತಿ ಅಡ್ಡಿಯಾಗಕೂಡದು ಎಂದಿತು.

ತಪ್ಪು ಕಲ್ಪನೆ: ಕನ್ನಡದಲ್ಲಿ ಕರಪತ್ರ ಹಂಚಿದರೆ ಎಲ್ಲರಿಗೂ ತಿಳಿಯುತ್ತದೆ.

ವಾಸ್ತವ: ಉರ್ದು, ತುಳು, ಲಂಬಾಣಿ ಮಾತಾಡುವ ಮನೆಗಳಿವೆ, ಅಕ್ಷರವೇ ಬಾರದ ಅಜ್ಜಿಯರಿದ್ದಾರೆ. ಕಣ್ಣು ಕಾಣದವರಿಗೆ ಕರಪತ್ರದಿಂದ ಪ್ರಯೋಜನವಿಲ್ಲ. ಹುಟ್ಟಿನಿಂದ ಕಿವಿ ಕೇಳದವರಲ್ಲಿ ಹಲವರಿಗೆ ಬರಹದ ಕನ್ನಡವೇ ಕಷ್ಟ. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಅದನ್ನು ಕಲಿತ ಉರ್ದು ಮನೆಯ ಮಗುವೂ ಕನ್ನಡ ಮನೆಯ ಮಗುವೂ ಸಲೀಸಾಗಿ ಮಾತಾಡಿಕೊಳ್ಳುತ್ತವೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಕೇರಿಯ ಮಾತು ಬಲ್ಲ, ತಾವೇ ಅಂಗವೈಕಲ್ಯ ಕಂಡ ಅಂಥ ಒಬ್ಬರು ಮನೆ ಬಾಗಿಲಿಗೆ ಬಂದರೆ ಒಳಕೋಣೆಯ ಬಾಗಿಲೂ ತೆರೆಯಬಹುದು.

ತಪ್ಪು ಕಲ್ಪನೆ: ಅಂಗವಿಕಲ ಮಗಳಿಗೆ ಆಸ್ತಿಯಲ್ಲಿ ಪಾಲಿಲ್ಲ, ಸಾಕಿದರೆ ಸಾಕು.

ವಾಸ್ತವ: ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ ಹಕ್ಕು ಇತರರಿಗೆ ಇರುವಷ್ಟೇ ಅವಳಿಗೂ ಇದೆ.

ತಪ್ಪು ಕಲ್ಪನೆ: ಊರು ಬಿಟ್ಟರೆ ಅಂಗವೈಕಲ್ಯದ ಕಾರ್ಡು ನಡೆಯುವುದಿಲ್ಲ.

ವಾಸ್ತವ: ಯುಡಿಐಡಿ (ವಿಶಿಷ್ಟ ಅಂಗವೈಕಲ್ಯ ಗುರುತಿನ) ಕಾರ್ಡು ದೇಶವಿಡೀ ನಡೆಯುತ್ತದೆ. ತಾಂಡಾದಿಂದ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಕೂಲಿಗೆ ಹೊರಡುವ ಕುಟುಂಬ ಅದನ್ನು ಜೊತೆಗೇ ಒಯ್ಯಬೇಕು. ಪಿಂಚಣಿಯ ನಿಯಮಗಳು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ.