ಶಿವಕುಮಾರ್ ಬಟಾಲವಿ: ಜನಪದ ಕಥನದ ಮರುವಿಚಾರಣೆ

ಆಧುನಿಕ ಪಂಜಾಬಿ ಕವಿಗಳಲ್ಲಿ ಶಿವಕುಮಾರ್ ಬಟಾಲವಿ (1936–1973) ಅವರಷ್ಟು ಜನರ ನಾಲಗೆಯ ಮೇಲೆ ಉಳಿದವರು ವಿರಳ. ವಿಫಲ ಪ್ರೇಮ, ಕುಡಿತ ಮತ್ತು ಅಕಾಲ ಮರಣಗಳನ್ನೇ ಈ ಜನಪ್ರಿಯತೆಗೆ ಕಾರಣವಾಗಿ ಹೇಳುವುದು ರೂಢಿ. ಜಾನಪದದ ದೃಷ್ಟಿಯಿಂದ ಪರಿಶೀಲಿಸಿದಾಗ, ಮೌಖಿಕ ಪರಂಪರೆಯೊಂದಿಗೆ ಅವರು ಇರಿಸಿಕೊಂಡಿದ್ದ ಸಂಬಂಧವೇ ಇದಕ್ಕೆ ಮುಖ್ಯ ಕಾರಣವೆಂಬುದು ಸ್ಪಷ್ಟವಾಗುತ್ತದೆ.

ಬಟಾಲವಿ ಜನಿಸಿದ್ದು ಇಂದು ಪಾಕಿಸ್ತಾನಕ್ಕೆ ಸೇರಿರುವ ಶಕರ್‌ಗಢ ಸೀಮೆಯ ಬಡಾಪಿಂಡ್ ಲೋಹ್ಟಿಯಾಂ ಎಂಬ ಹಳ್ಳಿಯಲ್ಲಿ. 1947ರ ವಿಭಜನೆಯಿಂದಾಗಿ ಅವರ ಕುಟುಂಬ ಗುರುದಾಸಪುರ ಜಿಲ್ಲೆಯ ಬಟಾಲಾಕ್ಕೆ ಬಂದು ನೆಲೆಸಿತು. ಆ ಊರೇ ಅವರ ಕಾವ್ಯನಾಮವಾಯಿತು.

1960ರಲ್ಲಿ ಪ್ರಕಟವಾದ ಮೊದಲ ಸಂಕಲನ ‘ಪೀಡಾಂ ದಾ ಪರಾಗಾ’. ‘ಪರಾಗಾ’ ಎಂದರೆ ಹುರಿಸಲೆಂದು ಭಟ್ಟಿಗೆ ಒಯ್ಯುವಷ್ಟು ಕಾಳು. ಕಾಳು ಹುರಿಯುವ ಹೆಂಗಸಿನ ಭಟ್ಟಿ ಪಂಜಾಬಿನ ಹಳ್ಳಿಗರಿಗೆ ಚಿರಪರಿಚಿತ. ಕಾಳಿನ ಜಾಗದಲ್ಲಿ ನೋವನ್ನು ಇಟ್ಟ ಈ ರೂಪಕವು ಓದು ಬಾರದವರಿಗೂ ವಿವರಣೆಯ ಅಗತ್ಯವಿಲ್ಲದೆ ತಲುಪಿತು. 1964ರ ‘ಬಿರಹಾ ತೂ ಸುಲ್ತಾನ್’ ಸಂಕಲನದ ಶೀರ್ಷಿಕೆ ಸೂಫಿ ಸಂತ ಶೇಖ್ ಫರೀದರ ವಾಣಿಯಿಂದ ಬಂದದ್ದು. ವಿರಹವು ಅವರ ಪಾಲಿಗೆ ಸ್ವಂತ ಅಳಲೂ ಹೌದು, ಪರಂಪರೆಯಿಂದ ಬಂದ ಭಾಷೆಯೂ ಹೌದು.

ಈ ಸಂಬಂಧದ ಸತ್ವಪರೀಕ್ಷೆ ನಡೆದದ್ದು 1965ರ ಕಾವ್ಯನಾಟಕ ‘ಲೂಣಾ’ದಲ್ಲಿ. ಇದರ ವಸ್ತು ಪೂರಣ ಭಗತನ ಐತಿಹ್ಯ. ಸಿಯಾಲ್‌ಕೋಟಿನ ರಾಜ ಸಲ್ವಾಹನನ ಕಿರಿಯ ರಾಣಿ ಲೂಣಾ ಮಲಮಗ ಪೂರಣನನ್ನು ಮೋಹಿಸುತ್ತಾಳೆ. ಅವನು ಒಪ್ಪದಿದ್ದಾಗ ಅವನ ಮೇಲೆಯೇ ಸುಳ್ಳು ಆರೋಪ ಹೊರಿಸುತ್ತಾಳೆ. ಕೈಕಾಲು ಕಡಿದು ಬಾವಿಗೆ ಎಸೆಯಲ್ಪಟ್ಟ ಪೂರಣನನ್ನು ಗೋರಖನಾಥ ಕಾಪಾಡುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾದರ್‌ಯಾರ್ ರಚಿಸಿದ ಕಿಸ್ಸಾ ಈ ಕಥೆಯನ್ನು ಮನೆಮಾತಾಗಿಸಿತು. ಪೂರಣನ ಬಾವಿಯೆಂದು ತೋರಿಸುವ ಸ್ಥಳ ಸಿಯಾಲ್‌ಕೋಟಿನ ಬಳಿ ಇಂದಿಗೂ ಇದೆ.

ಮಲತಾಯಿಯ ಮೋಹದ ಈ ಆಶಯ ಜಗತ್ತಿನ ಅನೇಕ ಕಡೆ ಕಂಡುಬರುತ್ತದೆ. ಕನ್ನಡದ ಕುಮಾರರಾಮ–ರತ್ನಾಜಿಯರ ಕಥೆಯೂ ಇದೇ ಆಶಯದ್ದು. ಇಂತಹ ಕಥನಗಳು ಸಾಮಾನ್ಯವಾಗಿ ಮಗನನ್ನು ಪಾವನನನ್ನಾಗಿಯೂ ಮಲತಾಯಿಯನ್ನು ಅಪರಾಧಿಯನ್ನಾಗಿಯೂ ನಿಲ್ಲಿಸುತ್ತವೆ. ತಂದೆಯ ವಯಸ್ಸಿನವನಿಗೆ ಆ ಹೆಣ್ಣನ್ನು ಕೊಟ್ಟವರಾರು ಎಂಬ ಪ್ರಶ್ನೆ ಅಲ್ಲಿ ಹಿಂದೆ ಸರಿಯುತ್ತದೆ. ಬಟಾಲವಿ ಆ ಪ್ರಶ್ನೆಯನ್ನೇ ನಾಟಕದ ಕೇಂದ್ರಕ್ಕೆ ತಂದರು. ಅವರ ಲೂಣಾ ಕೆಳಜಾತಿಯ ಬಡ ಹುಡುಗಿ. ಅವಳ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ತಪ್ಪು ತಪ್ಪಾಗಿಯೇ ಉಳಿದರೂ ಅದರ ಹೊಣೆ ಅರಮನೆಗೂ ಸಮಾಜಕ್ಕೂ ಹಂಚಿಹೋಗುತ್ತದೆ. ಕಥೆಯ ಚೌಕಟ್ಟನ್ನು ಉಳಿಸಿಕೊಂಡು ಅದರ ತೀರ್ಪನ್ನು ಬದಲಿಸಿದ್ದು ಈ ಕೃತಿಯ ಸಾಧನೆ. 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ, ಆವರೆಗೆ ಅದನ್ನು ಪಡೆದವರಲ್ಲಿ ಬಟಾಲವಿಯೇ ಅತ್ಯಂತ ಕಿರಿಯರು.

1972ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ಅವರ ಆರೋಗ್ಯ ತೀರಾ ಹದಗೆಟ್ಟಿತು. 1973ರ ಮೇ ತಿಂಗಳಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಪಠಾಣಕೋಟೆಯ ಸಮೀಪದ ಹಳ್ಳಿಯೊಂದರಲ್ಲಿ ಅವರು ನಿಧನರಾದರು. ಸ್ವತಃ ಹಾಡಿ ಕೇಳುಗರನ್ನು ಗೆದ್ದಿದ್ದ ಈ ಕವಿಯ ರಚನೆಗಳನ್ನು ಸುರಿಂದರ್ ಕೌರ್, ಜಗಜೀತ್ ಸಿಂಗ್ ಅವರಂತೆಯೇ ಗಡಿಯಾಚೆಯ ನುಸ್ರತ್ ಫತೇ ಅಲಿ ಖಾನರೂ ಹಾಡಿದರು. 2016ರ ‘ಉಡ್ತಾ ಪಂಜಾಬ್’ ಚಲನಚಿತ್ರದ ಮೂಲಕ ಅವರ ಗೀತೆಯೊಂದು ಹೊಸ ಪೀಳಿಗೆಯನ್ನು ಮುಟ್ಟಿತು. ಕವಿ ಯಾರೆಂದು ತಿಳಿಯದೆಯೇ ಅವರ ಹಾಡನ್ನು ಗುನುಗುವವರು ಇಂದೂ ಇದ್ದಾರೆ. ಜನಪದದಿಂದ ಪಡೆದದ್ದು ಹೀಗೆ ಜನಪದಕ್ಕೇ ಮರಳಿದೆ. ಲೂಣಾಳ ಪ್ರಶ್ನೆಯೂ ಅದರೊಂದಿಗೆ ಮರಳಿದೆಯೇ ಎಂಬುದು ಮುಂದಿನ ಸಂಶೋಧಕರು ಪರಿಶೀಲಿಸಬೇಕಾದ ವಿಷಯ.