ಇಸ್ಪೀಟೆಲೆಯೂ ನೆನಪಿನ ಮನೆಯೂ

ಚೆನ್ನಾಗಿ ಕಲಸಿದ ಇಸ್ಪೀಟಿನ ಕಟ್ಟೊಂದನ್ನು ಕೈಗಿತ್ತು, 52 ಎಲೆಗಳನ್ನೂ ಒಮ್ಮೆ ನೋಡಿ ಅದೇ ಕ್ರಮದಲ್ಲಿ ಒಪ್ಪಿಸಿರೆಂದರೆ ನೀವು ನಕ್ಕುಬಿಡಬಹುದು. ಆದರೆ 1991ರಲ್ಲಿ ಲಂಡನ್ನಿನಲ್ಲಿ ಮೊದಲಾದ ವಿಶ್ವ ಸ್ಮರಣಶಕ್ತಿ ಸ್ಪರ್ಧೆಯಲ್ಲಿ ಇದೂ ಒಂದು ಪರೀಕ್ಷೆ. 2018ರಲ್ಲಿ ಮಂಗೋಲಿಯದ ಸ್ಪರ್ಧಿಯೊಬ್ಬರು ಇಡೀ ಕಟ್ಟನ್ನು 13 ಸೆಕೆಂಡಿಗೂ ಕಡಿಮೆ ವೇಳೆಯಲ್ಲಿ ಮನಸ್ಸಿಗೆ ತಂದುಕೊಂಡರು.

ಅಂಥವರ ತಲೆಯೇ ಬೇರೆ ಎಂದು ತೀರ್ಮಾನಿಸಬೇಡಿ. ಮೊದಲ ವರ್ಷವೇ ಗೆದ್ದ ಇಂಗ್ಲೆಂಡಿನ ಡೊಮಿನಿಕ್ ಓಬ್ರಿಯನ್ ಶಾಲೆಯಲ್ಲಿ ಜಾಣರೆನಿಸಿಕೊಂಡವರಲ್ಲ. ಕ್ರೈಟನ್ ಕಾರ್ವೆಲ್ಲೊ ಎಂಬವರು ಟೆಲಿವಿಷನ್ನಿನಲ್ಲಿ ಒಂದು ಕಟ್ಟನ್ನು ಮೂರು ನಿಮಿಷದೊಳಗೆ ನೆನಪಿಟ್ಟದ್ದನ್ನು ಕಂಡು, ಸುಮಾರು ಮೂವತ್ತರ ವಯಸ್ಸಿನಲ್ಲಿ ಅವರು ಅಭ್ಯಾಸ ಹಿಡಿದರು. ಮುಂದೆ ಎಂಟು ಬಾರಿ ವಿಶ್ವವಿಜೇತರಾದರು.

ಇದರ ಗುಟ್ಟು ಬಹಳ ಹಳೆಯದು. ಗ್ರೀಕ್ ಕವಿ ಸಿಮೋನಿಡೀಸ್ ಔತಣವೊಂದರಿಂದ ಹೊರಗೆ ಬಂದಾಗ ಆ ಮನೆಯ ಸೂರು ಕುಸಿಯಿತಂತೆ. ಗುರುತು ಸಿಗದ ಹೆಣಗಳನ್ನು ಆತನು, ಯಾರು ಎಲ್ಲಿ ಕುಳಿತಿದ್ದರೆಂಬುದನ್ನು ನೆನೆದು ಹೆಸರಿಸಿದನೆಂದು ರೋಮಿನ ಸಿಸೆರೋ ಬರೆದಿದ್ದಾನೆ. ವಸ್ತು ಮರೆತರೂ ಎಡೆ ಮರೆಯದು. ಆದ್ದರಿಂದ ವಸ್ತುವನ್ನು ಎಡೆಗೆ ಕಟ್ಟಿಹಾಕಬೇಕು ಎಂಬುದೇ ಇದರ ಸಾರ.

ನೀವು ಹೀಗೆ ಮಾಡಿ. ಮೊದಲು ಒಂದೊಂದು ಎಲೆಗೂ ಪರಿಚಿತ ವ್ಯಕ್ತಿಯೊಬ್ಬರನ್ನೂ ಅವರಿಗೆ ತಕ್ಕ ಕೆಲಸವೊಂದನ್ನೂ ಗೊತ್ತುಮಾಡಿ. ಇಸ್ಪೀಟು ರಾಜ ಬೆತ್ತ ಬೀಸುವ ಹೆಡ್‌ಮಾಸ್ತರರಾಗಲಿ. ಆಟೀನ್ ರಾಣಿ ಮಜ್ಜಿಗೆ ಕಡೆಯುವ ಅಜ್ಜಿಯಾಗಲಿ. ದಿನಕ್ಕೆ ಆರೇಳು ಎಲೆಯಂತೆ ಕಲಿತರೆ ಎಂಟು ಹತ್ತು ದಿನಗಳಲ್ಲಿ 52 ಮಂದಿಯೂ ಬಳಕೆಗೆ ಬರುತ್ತಾರೆ. ಎರಡನೆಯದಾಗಿ, ನಿಮ್ಮ ಮನೆಯಲ್ಲಿ ಕ್ರಮವಾಗಿ 26 ಎಡೆಗಳನ್ನು ಆರಿಸಿಕೊಳ್ಳಿ: ಬೀದಿ ಬಾಗಿಲು, ಜಗಲಿ, ನಡುಮನೆಯ ಕಂಬ, ರೇಡಿಯೋ ಇಟ್ಟ ಮೇಜು, ದೇವರ ಕೋಣೆ, ಒಲೆ, ಬಚ್ಚಲ ಹಂಡೆ, ಹಿತ್ತಲ ಬಾವಿ. ಈ ದಾರಿಯಲ್ಲಿ ಕಣ್ಣು ಮುಚ್ಚಿ ನಾಲ್ಕಾರು ಸಲ ಓಡಾಡಿ.

ಇನ್ನು ಎರಡೆರಡು ಎಲೆಗಳನ್ನು ಒಂದೊಂದು ಎಡೆಯಲ್ಲಿಡಿ. ಮೊದಲ ಎಲೆಯ ವ್ಯಕ್ತಿ ಎರಡನೆಯ ಎಲೆಯ ಕೆಲಸ ಮಾಡಲಿ. ಇಸ್ಪೀಟು ರಾಜನ ಹಿಂದೆ ಆಟೀನ್ ರಾಣಿ ಬಂದರೆ, ಹೆಡ್‌ಮಾಸ್ತರರು ಬೀದಿ ಬಾಗಿಲಲ್ಲಿ ಕುಳಿತು ಮಜ್ಜಿಗೆ ಕಡೆಯುತ್ತಾರೆ. ಕ್ರಮ ತಿರುಗಿದರೆ ಅಜ್ಜಿಯೇ ಬೆತ್ತ ಬೀಸುತ್ತಾಳೆ! ನಗು ಬರುವಂಥ ಚಿತ್ರವೇ ನಿಲ್ಲುವ ಚಿತ್ರ. ಒಪ್ಪಿಸುವಾಗ ಮನೆಯೊಳಗೆ ಮತ್ತೊಮ್ಮೆ ನಡೆದರಾಯಿತು. ಮೊದಲು ತಪ್ಪಿಲ್ಲದಿರಲಿ, ಗಡಿಯಾರ ಆಮೇಲೆ. ಹಳೆಯ ಚಿತ್ರ ಹೊಸದರೊಡನೆ ಕಲೆಯದಂತೆ, ಮರುಸಲಕ್ಕೆ ಶಾಲೆಯನ್ನೋ ಪೇಟೆಬೀದಿಯನ್ನೋ ದಾರಿಯಾಗಿ ಬಳಸಿ.

ಈ ವಿಧಾನವನ್ನು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 72 ಪದಗಳ ಪಟ್ಟಿಯಲ್ಲಿ ಮೂವತ್ತರೊಳಗೆ ನೆನಪಿಡುತ್ತಿದ್ದ ಸಾಮಾನ್ಯರು, ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ಅಭ್ಯಾಸ ಮಾಡಿ ಸರಾಸರಿ ಅರವತ್ತನ್ನು ದಾಟಿದರು.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. 2006ರಲ್ಲಿ ಅಮೆರಿಕದ ಸ್ಮರಣಶಕ್ತಿ ಸ್ಪರ್ಧೆಯಲ್ಲಿ ಗೆದ್ದ ಜೋಶುವಾ ಫೋಯರ್, ಆಮೇಲೆ ಒಂದು ರಾತ್ರಿ ಸ್ನೇಹಿತರೊಡನೆ ಊಟಕ್ಕೆ ಹೋಗಿ, ತಾವು ಕಾರಿನಲ್ಲಿ ಬಂದದ್ದನ್ನೇ ಮರೆತು ರೈಲಿನಲ್ಲಿ ಮನೆ ಸೇರಿದರು. ಎಲೆ ನೋಡುವಾಗ ಇದ್ದ ಗಮನ ಕಾರು ನಿಲ್ಲಿಸುವಾಗ ಇರಲಿಲ್ಲ, ಅಷ್ಟೆ. ನಮ್ಮ ಹಿರಿಯರು ಅಷ್ಟಾವಧಾನದಂಥ ಕಲೆಗೆ ‘ಸ್ಮರಣೆ’ ಎಂದು ಹೆಸರಿಡದೆ ‘ಅವಧಾನ’ ಎಂದರು. ಅವಧಾನವೆಂದರೆ ಗಮನ.

ಆದುದರಿಂದ ಪಾಠ ಒಪ್ಪಿಸಲಾರದ ಮಗುವನ್ನು ದಡ್ಡನೆಂದು ಕರೆಯುವ ಮುನ್ನ ಸ್ವಲ್ಪ ತಡೆಯಿರಿ. ಅದಕ್ಕೆ ನೆನಪಿಲ್ಲವೆಂದಲ್ಲ, ನೆನಪನ್ನು ಇಡಲು ಎಡೆ ತೋರಿಸಿದವರಿಲ್ಲದಿರಬಹುದು. ಇಂದು ಸಂಜೆ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹತ್ತೇ ಎಲೆ ಹಿಡಿದು, ಬೀದಿ ಬಾಗಿಲಿನಿಂದ ಹೊರಡಿ.